ಮಾಲಿಪಾಟೀಲರ ಶೀತಲವಾಯು ವಿಜಯ

ಕಲ್ಲನ್ನೂ ಬೆವರಿಸುವ ಕಲಬುರಗಿಯ ವೈಶಾಖವೇ, ಹಾದಿಯ ಡಾಂಬರನ್ನು ಪಾಯಸದಂತೆ ಕುದಿಸುವ ಮಾರ್ತಾಂಡನೇ, ಈ ಕಥೆ ಮುಗಿಯುವವರೆಗಾದರೂ ತುಸು ತಾಳಿಕೊಳ್ಳಿ! ನಾನು ಹೇಳಹೊರಟಿರುವುದು ಶ್ವೇತಕಾರಿನೊಡೆಯ, ಪ್ರೌಢಶಾಲೆಯ ಇತಿಹಾಸಬೋಧಕ, ಕರವಸ್ತ್ರಬದ್ಧಮಸ್ತಕ ರೇವಣಸಿದ್ಧಪ್ಪ ಮಾಲಿಪಾಟೀಲರು ಒಂದು ಭಾನುವಾರ ಗೈದ ಘನಸಮರದ ವೃತ್ತಾಂತವನ್ನು.

ಸಮರಕ್ಕೆ ಮೂಲ ಅವಮಾನ. ಮಗಳ ನಿಶ್ಚಯಕ್ಕೆ ಬಂದಿದ್ದ ಬೀಗರು, ಸೊಲ್ಲಾಪುರದ ಗುರುಪಾದಪ್ಪನವರು, ಇದೇ ಕಾರಿನೊಳಗೆ ಬೆಂದು, ಒದ್ದೆ ಟವೆಲ್ಲನ್ನು ಕಿರೀಟದಂತೆ ಧರಿಸಿ ಪಯಣಿಸಿದ್ದರು. ಊರಿಗೆ ಮರಳಿ, "ಬೀಗರು ನಮ್ಮನ್ನ ರೊಟ್ಟಿ ಭಟ್ಟಿಯಾಗ ಕುಂದರಿಸಿ ಕರಕೊಂಡು ಹೋದ್ರು" ಎಂದು ಬಂಧುಬಳಗಕ್ಕೆಲ್ಲ ಸಾರಿದ್ದರು. ಮದುವೆಯ ಮಾತಿಗೆಂದು ಆ ಮಹನೀಯರು ಇಂದು ಮಧ್ಯಾಹ್ನದ ರೈಲಿಗೆ ಮತ್ತೆ ಬರುವವರಿದ್ದರು. ಕಾರಿನ ಎ.ಸಿ. ಮಾತ್ರ ಮುದಿ ಬೆಕ್ಕಿನಂತೆ ಉಸಿರಾಡುತ್ತಿತ್ತು.

"ಗ್ಯಾರೇಜಿಗಿ ಫೋನ್ ಹಚ್ಚಿದ್ದೆ, ಇವತ್ತು ಬಂದ್ ಅದಂತ. ಸುಮ್ನ ಆಟೋ ಮಾಡ್ಕೊಂಡು ಹೋಗಮು," ಎಂದರು ಮಡದಿ ಜಗದೇವಿ.

ಸಿಟ್ಟು ನೆತ್ತಿಗೇರಿದಾಗ ಗ್ರಾಂಥಿಕಕ್ಕೆ ಹೊರಳುವುದು ಮಾಲಿಪಾಟೀಲರ ವಾಡಿಕೆ. ಬಾನೆಟ್ಟಿನ ಮೇಲೆ ಮುಷ್ಟಿಯೂರಿ ಗರ್ಜಿಸಿದರು: "ಕೇಳು ಜಗದೇವಿ! ಮಣ್ಣುಗೂಡಿದ ಮಹಾಸಾಮ್ರಾಜ್ಯಗಳ ಪತನಕಾರಣ ಬಲ್ಲ ನನಗೆ ಈ ತಗಡಿನ ಡಬ್ಬಿಯ ಪತನಕಾರಣ ತಿಳಿಯದೆ? ಇದರೊಳಗಿಂದ ಹಿಮಾಲಯವನ್ನೇ ಹೊರಡಿಸದಿದ್ದರೆ ಇನ್ನು ಚಹಾ ಮುಟ್ಟೆನು!"

"ಚಹಾ ಬ್ಯಾಡಾದ್ರ ನೀರರೆ ಕುಡೀರಿ. ಮಾರಿ ಕೆಂಪಗಾಗ್ಯಾದ."

ನೀರು ಕುಡಿದು ವೀರರು ರಣಕ್ಕಿಳಿದರು. ಮೊದಲ ಗುಮಾನಿ ಗ್ಯಾಸಿನ ಮೇಲೆ, ಎರಡನೆಯದು ಕಂಪ್ರೆಸರಿನ ಮೇಲೆ. ಮಡದಿ ಒಳಗೆ ಕುಳಿತು ಸ್ವಿಚ್ಚೊತ್ತಲು, ಕಂಪ್ರೆಸರು ಟಕ್ಕೆಂದು ನಿಷ್ಠೆಯಿಂದ ತಿರುಗಿ ತನ್ನ ನಿರಪರಾಧಿತ್ವವನ್ನು ಸಾರಿತು. ಫ್ಯೂಸೂ ಜೀವಂತವಿತ್ತು. ಎಂಜಿನ್ ಆರಿಸಿ, ಮುಂಭಾಗದ ಜಾಲರಿಯ ಧೂಳಿಗೆ ಪೈಪಿನಿಂದ ಜಲಾಸ್ತ್ರ ಹೂಡಿದರು. ಅಸ್ತ್ರವು ಪುಟಿದು ಪ್ರಯೋಗಿಸಿದವರ ಮುಖವನ್ನೇ ತೊಳೆಯಿತು.

ಎಂಜಿನ್ ಮತ್ತೆ ಚಾಲೂ ಆದಾಗ ಜಗದೇವಿ ಬಾನೆಟ್ಟಿನಡಿಯ ಎ.ಸಿ. ಕೊಳವೆಯೊಂದನ್ನು ಮುಟ್ಟಿ ಕರೆದರು: "ಇಲ್ಲಿ ನೋಡ್ರಿ, ಮಣ್ಣಿನ ಗಡಗಿ ಹಂಗ ಥಣ್ಣಗ ಅದ. ಫ್ಯಾನೂ ಒದರತದ, ಗಾಳಿ ಅಷ್ಟೇ ಬರವಲ್ದು. ನಡುವ ಏನರೆ ಅಡ್ಡ ಕುಂತದ."

"ಅದನ್ನೇ ನಾನೂ ಹೇಳಾಂವ ಇದ್ದೆ," ಎಂದರು ಮಾಲಿಪಾಟೀಲರು, ಗ್ರಾಂಥಿಕ ಮರೆತು.

ಕಾಲುಗಳು ಬಾಗಿಲಾಚೆ, ಶಿರವು ಡ್ಯಾಶ್‌ಬೋರ್ಡಿನಡಿ. ಹೀಗೆ ಅಧೋಮುಖರಾಗಿ ಮುಂದಿನ ಖಾನೆಯನ್ನು ಕಳಚಿ, ಅದರ ಹಿಂದಣ ಗುಹೆಗೆ ಕೈಯಿಟ್ಟು, ಗಾಳಿ ಸೋಸುವ ಫಿಲ್ಟರನ್ನು ದೈತ್ಯಶಿರದಂತೆ ಸೆಳೆದೆತ್ತಿದರು. ಕಾರು ಕೊಂಡಂದಿನಿಂದ ಯಾರೂ ಮುಟ್ಟದ ಆ ಫಿಲ್ಟರಿನಲ್ಲಿ ಬೇವಿನ ಹೂವು, ಪಾರಿವಾಳದ ಪುಕ್ಕ, ಅರ್ಧ ಜಿಲ್ಲೆಯ ಕರಿಮಣ್ಣು. ಕಾಂಪೌಂಡಿಗೆ ಬಡಿಬಡಿದು ಕೊಡವಲು ಎದ್ದ ಧೂಳು ಒಣಹಾಕಿದ ಸೀರೆಗಳ ಮೇಲೆ ಇಳಿದದ್ದನ್ನು, ವಿಜಯದ ಭರದಲ್ಲಿ ಯಾರೂ ಗಮನಿಸಲಿಲ್ಲ.

ಮರಳಿ ಜೋಡಿಸಿ ಸ್ವಿಚ್ಚೊತ್ತಿದರು. ಭುಸ್ಸೆಂದು ಹೊಮ್ಮಿತು ಹಿಮವಾಯು! ಜಗದೇವಿ ಕಣ್ಮುಚ್ಚಿ ಮುಖವೊಡ್ಡಿದರು. ಹಣೆಯ ಮೇಲಿನ ನರೆಗೂದಲು ಹಾರಾಡಿತು. ಸಾಮ್ರಾಜ್ಯವೊಂದನ್ನು ಗೆದ್ದವರೂ ಹೀಗೆ ಹಿಗ್ಗಿರಲಾರರು, ನೋಡುತ್ತ ನಿಂತ ಮಾಲಿಪಾಟೀಲರು ಹಿಗ್ಗಿದಂತೆ.

ದಂಪತಿಗಳು ನಿಲ್ದಾಣಕ್ಕೆ ಧಾವಿಸಿದರು. ಗುರುಪಾದಪ್ಪನವರು ಕಿವಿಗೆ ಮಫ್ಲರು ಸುತ್ತಿಕೊಂಡು ರೈಲಿಳಿದು ಬಂದು, ಮುಂದಿನ ಸೀಟಿನಲ್ಲಿ ಕುಳಿತರು. ತಂಗಾಳಿ ನೇರ ಅವರ ಮೂಗಿಗೇ ಬಡಿಯಿತು.

"ಹ್ಯಾಂಗದ್ರೀ ಬೀಗರ, ಥಂಡಿ?" ಮಾಲಿಪಾಟೀಲರು ಎದೆಯುಬ್ಬಿಸಿ ಕೇಳಿದರು.

ಉತ್ತರವಾಗಿ ಸೀನು ಸಿಡಿಯಿತು. "ಅಯ್ಯಯ್ಯೋ, ಮೊದಲು ಅದನ್ನ ಬಂದ್ ಮಾಡ್ರಿ! ನಿನ್ನಿಲಿಂದ ನೆಗಡಿ ಹಿಡದದ. ಕಿಟಕಿ ಇಳಸ್ರಿ, ಬಿಸಿಗಾಳಿನೇ ಭೇಷ್."

ವೀರರ ಬೆರಳು ಸ್ವಿಚ್ಚನ್ನು ಒತ್ತಿತು. ಕಿಟಕಿಗಳೆಲ್ಲ ಇಳಿದವು. ಹಿಂದಿನ ಸೀಟಿನಲ್ಲಿ ಜಗದೇವಿ ಬಾಯಿಗೆ ಸೆರಗೊತ್ತಿಕೊಂಡು ಹೊರಗೆ ನೋಡತೊಡಗಿದರು.