ಕುಡಿಯದೆ ಇಟ್ಟ ಕಾಫಿ

ಎಲ್ಲ ಫಜೀತಿಗೂ ಕಾರಣ ಹೆಬ್ಬೆರಳೆತ್ತರದ ಒಂದು ಕಾಫಿ ಬಟ್ಟಲು. ಮುಸಬ್ಬ ಅದನ್ನು ಕೈಗೆ ತೆಗೆದುಕೊಂಡ, ತುಟಿಗೆ ತಾಗಿಸದೆ ಮುಂದಿಟ್ಟ, ಗಡ್ಡ ನೀವಿಕೊಂಡು ಸುಮ್ಮನೆ ಕೂತ.

ಅವನ ಊರು ಲಿವಾದ ಮರಳುಗಾಡಿನಲ್ಲಾಗಿದ್ದರೆ ಅಷ್ಟೇ ಸಾಕಿತ್ತು. ಅಲ್ಲಿ ದೊಡ್ಡದೇನನ್ನೋ ಕೇಳಲು ಬಂದ ಅತಿಥಿ ಬಾಯಿಬಿಟ್ಟು ಕೇಳುವುದಿಲ್ಲ, ಕಾಫಿ ಕುಡಿಯದೆ ಕೂರುತ್ತಾನೆ. ಮನೆಯ ಯಜಮಾನ "ಕುಡಿ, ಕೊಟ್ಟೆ" ಅನ್ನಬೇಕು. ಕೊಟ್ಟದ್ದೇನು ಎಂಬುದು ಆಮೇಲಿನ ಮಾತು. ಆದರೆ ಇದು ದುಬೈ, ಅದರಲ್ಲೂ ನಲವತ್ತನೇ ಮಹಡಿ.

ಮುಸಬ್ಬ ಈ ಊರಿಗೆ ಕಾಲಿಟ್ಟದ್ದು ಅಂದೇ ಮೊದಲು. ಬಾಗಿಲುಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು, ಸಲಾಂ ಹೇಳೋಣವೆಂದರೆ ಒಳಗೆ ಯಾರೂ ಇಲ್ಲ. ರಸ್ತೆಯಾಚೆ ಕಣ್ಣಿಗೆ ಕಾಣುವ ಕಟ್ಟಡಕ್ಕೆ ಟ್ಯಾಕ್ಸಿ ಅರ್ಧ ಊರು ಸುತ್ತಿಸಿ ತಂದಿತು. "ಹೋದ ತಿಂಗಳು ಇಲ್ಲೊಂದು ತಿರುವಿತ್ತು ಬಾಬಾ" ಎಂದು ಡ್ರೈವರನೇ ತಲೆ ಕೆರೆದುಕೊಂಡಿದ್ದ. ಲಿಫ್ಟಿನಲ್ಲಿ ಅಡಚಿದ ಕಿವಿ ಇನ್ನೂ ಬಿಟ್ಟಿರಲಿಲ್ಲ.

ಇಷ್ಟೆಲ್ಲ ಸಹಿಸಿದ್ದು ಅಫ್ರಾಳಿಗಾಗಿ. ಇಬ್ಬರೂ ಒಂದೇ ಬಾವಿಯ ನೀರು ಸೇದಿ ಬೆಳೆದವರು. ಅವಳನ್ನು ಈ ಊರಿಗೆ ಮದುವೆ ಮಾಡಿಕೊಟ್ಟರು. ಈಗ ಗಂಡ ತೀರಿಕೊಂಡು ಅಣ್ಣ ಹುಮೈದನ ಈ ಮನೆಯಲ್ಲಿದ್ದಾಳೆ. ಮುಸಬ್ಬನ ಹೆಂಡತಿ ಹೋಗಿಯೂ ವರ್ಷಗಳಾದವು. ಸಂಜೆಯಾದರೆ ಮರಳದಿಬ್ಬದ ಮೇಲೆ ಕೂತು ಅಫ್ರಾಳ ನಗುವನ್ನು ನೆನೆಯುವುದೇ ಅವನ ಕೆಲಸ. ಆ ನಗುವನ್ನು ಊರಿಗೆ ಕರೆದೊಯ್ಯದೆ ಅವನಿಗೆ ಇನ್ನು ನಿದ್ದೆಯಿಲ್ಲ.

"ಕಾಫಿ ಆರಿಹೋಗಿರ್ಬೇಕು" ಎಂದ ಹುಮೈದನ ಮಗ ಗಾನಿಮ್, ಫೋನಿನಿಂದ ತಲೆಯೆತ್ತದೆ. ಬಿಸಿ ಕಾಫಿ ಬಂತು. ಮುಸಬ್ಬ ಅದನ್ನೂ ಪಕ್ಕಕ್ಕಿಟ್ಟ.

"ಕಹಿ ಸೇರಲ್ಲ ಅನ್ಸುತ್ತೆ ಅಪ್ಪಾ. ಚಿಕ್ಕಪ್ಪನಿಗೆ ಹಾಲು ಹಾಕಿದ್ದು ತರಿಸ್ತೀನಿ." ನೊರೆಯ ಮೇಲೆ ಎಲೆ ಬಿಡಿಸಿದ ದೊಡ್ಡ ಲೋಟ ಬಂತು. ಅದೂ ಪಕ್ಕಕ್ಕೆ ಹೋಯಿತು.

ಪಕ್ಕದ ಮನೆಯ ಜುಮ್ಮಾ ಕರೆಯದೆಯೇ ಬಂದು ಕೂತಿದ್ದವನು ಮುಸಬ್ಬನ ನಾಡಿ ಹಿಡಿದ. "ಹೊಟ್ಟೆ ಕೆಟ್ಟಿದೆ ಹುಮೈದ್. ಎಲ್ಲಾ ಲಿಫ್ಟಿನ ಕೆಲಸ. ನಮ್ಮ ಮಾವನೂ ಮೊದಲ ಸಲ ಬಂದಾಗ ಹಾಸಿಗೆ ಹಿಡಿದಿದ್ದ."

ಪುದೀನ ಚಹಾ ಬಂತು, ಜೀರಿಗೆ ಕಷಾಯ ಬಂತು.

"ನನಗೇನೂ ಆಗಿಲ್ಲ" ಎಂದ ಮುಸಬ್ಬ.

"ಮತ್ಯಾಕೆ ಕುಡೀತಿಲ್ಲ ಮಾರಾಯ?" ಎಂದ ಹುಮೈದ್.

ಅದನ್ನು ಬಾಯಿಬಿಟ್ಟು ಹೇಳುವಂತಿದ್ದರೆ ಬಟ್ಟಲು ಇಡುವ ಕಷ್ಟವೇಕೆ? ಮುಸಬ್ಬ ಗಡ್ಡ ನೀವಿಕೊಂಡ. ನಾಲಿಗೆ ಒಣಗಿತ್ತು, ಮುಂದೆ ಚಹಾದಂಗಡಿಯೇ ಹರಡಿತ್ತು.

"ಆಂಬುಲೆನ್ಸ್ ಕರೀಲಾ?" ಎಂದ ಗಾನಿಮ್.

"ಅಯ್ಯೋ ಬುದ್ಧಿಗೇಡಿಗಳಾ!" ಒಳಕೋಣೆಯ ಪರದೆಯ ಹಿಂದಿನಿಂದ ದನಿ ಬಂತು. ಅಫ್ರಾಳದೇ. "ಅತಿಥಿ ಬಟ್ಟಲು ಕೆಳಗಿಟ್ಟು ಎಷ್ಟು ಹೊತ್ತಾಯ್ತು! ಅಣ್ಣಾ, ಅಪ್ಪ ಕಲಿಸಿದ್ದನ್ನೆಲ್ಲ ಲಿಫ್ಟಿನ ಬುಡದಲ್ಲೇ ಬಿಟ್ಟು ಬಂದ್ಯಾ?"

ಹುಮೈದನಿಗೆ ನಾಚಿಕೆಯಾಯಿತು. "ಕುಡಿ ತಮ್ಮಾ, ಕೊಟ್ಟೆ, ಕೊಟ್ಟೆ!"

ಮುಸಬ್ಬ ಮೊದಲ ಬಟ್ಟಲನ್ನು ಒಂದೇ ಗುಟುಕಿಗೆ ಮುಗಿಸಿದ. "ನಿನ್ನ ತಂಗಿ ಅಫ್ರಾಳನ್ನ ನನಗೆ ಕೊಡು."

"ಅಬ್ಬಾ! ನಾನು ಹೊಟ್ಟೆ ಅಂದ್ಕೊಂಡಿದ್ದೆ" ಎಂದ ಜುಮ್ಮಾ.

ಹುಮೈದ್ ಪರದೆಯ ಕಡೆ ತಿರುಗಿದ. "ನೀನೇನಂತೀಯಮ್ಮ?"

ಮೊದಲು ನಗು ಕೇಳಿಸಿತು. ಇಷ್ಟು ವರ್ಷ ನೆನೆದ ಅದೇ ನಗು. ಮುಸಬ್ಬನ ಕಣ್ಣು ತುಂಬಿ ಬಂತು.

"ಅವನೇ ಬಗ್ಗಿಸಿ ನನಗೊಂದು ಬಟ್ಟಲು ಕಾಫಿ ಕೊಡಲಿ" ಎಂದಳು ಅಫ್ರಾ.

ಮುಸಬ್ಬ ಬಗ್ಗಿಸಿ ಪರದೆಯ ಕೆಳಗೆ ಸರಿಸಿದ. ಬಳೆಯ ಕೈಯೊಂದು ಬಟ್ಟಲನ್ನು ಎತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಬಟ್ಟಲು ಹಾಗೇ ತುಂಬಿಕೊಂಡು ಹೊರಬಂತು.

ಮುಸಬ್ಬನ ಎದೆ ಹಿಗ್ಗಿತು. ಇವಳೊಬ್ಬಳಾದರೂ ಮರೆತಿಲ್ಲ! ಬಂಗಾರ ಕೇಳಲಿ, ಒಂಟೆ ಕೇಳಲಿ, ಏನು ಕೇಳಿದರೂ ಸರಿ. "ಕುಡಿ ಅಫ್ರಾ, ಕೊಟ್ಟೆ!"

ಬಟ್ಟಲು ಮತ್ತೆ ಪರದೆಯೊಳಗೆ ಹೋಯಿತು, ಸೊರ್ ಎಂದು ಕುಡಿದ ಸದ್ದು. "ಹಾಗಾದ್ರೆ ನೀನೇ ಇಲ್ಲಿಗೆ ಬಂದು ಇರು. ಮೇಲಿನ ಮಹಡಿ ಖಾಲಿ ಇದೆ. ಬಾವಿ ಸೇದಿ ಸೇದಿ ನನ್ನ ಕೈ ಬಿದ್ದುಹೋಗಿತ್ತು ಕಣೋ. ಇಲ್ಲಿ ನಲ್ಲಿ ತಿರುಗಿಸಿದ್ರೆ ನೀರು."

ಕೊಟ್ಟ ಮಾತು ಕೊಟ್ಟಾಗಿತ್ತು. ಮುಸಬ್ಬ ಮೆಲ್ಲಗೆ ಎದ್ದು ಗಾಜಿನ ಕಿಟಕಿಯ ಬಳಿ ನಿಂತ. ಕ್ರೇನುಗಳಾಚೆ, ತೀರಾ ದೂರದಲ್ಲಿ, ಮರಳು ಒಂದು ಎಳೆಯಷ್ಟು ಕಾಣುತ್ತಿತ್ತು. ಇನ್ನು ಸಂಜೆಗೆ ಅದನ್ನೇ ನೋಡುತ್ತ ಕೂರಬೇಕು.

ಜುಮ್ಮಾ ಬಂದು ಹೆಗಲ ಮೇಲೆ ಕೈಯಿಟ್ಟ. "ಈಗಲೇ ಕಣ್ತುಂಬ ನೋಡ್ಕೋ. ಬರೋ ವರ್ಷ ಅಲ್ಲೊಂದು ಟವರ್ ಏಳುತ್ತೆ."