ಪುಟ್ಟೇನಹಳ್ಳಿ ಮೂರನೇ ಅಡ್ಡರಸ್ತೆಯ ೧೧೨ ಮನೆಗಳಿಗೆ ಒಂದೇ ಇಂಟರ್ನೆಟ್ ವಿಳಾಸ ಸಾಕೆಂಬ ಬಗ್ಗೆ

ವಿಳಾಸ ಹಂಚಿಕೆ ಇಲಾಖೆ, ದಕ್ಷಿಣ ವಿಭಾಗ
ಸುತ್ತೋಲೆ ಸಂಖ್ಯೆ: ವಿಹಂಇ/ದವಿ/ನ್ಯಾಯ/೦೧ (ಒಂಬತ್ತನೇ ತಿದ್ದುಪಡಿ)
ದಿನಾಂಕ: ೧೪-೦೬-೨೦೨೫, ಎರಡನೇ ಶನಿವಾರ

ವಿಷಯ: ಇಂಟರ್ನೆಟ್ ವಿಳಾಸಗಳನ್ನು ನ್ಯಾಯವಾಗಿ ಹಂಚುವ ಕುರಿತು.

ಉಲ್ಲೇಖ: ೧) ಮೂರನೇ ಅಡ್ಡರಸ್ತೆಯ ಯುವರಾಜ್ ಬಿನ್ ವೆಂಕಟಸ್ವಾಮಿ ಅವರ ಅರ್ಜಿ. ೨) ಅದೇ ಅರ್ಜಿ, ಮತ್ತೊಮ್ಮೆ. ೩) ಅದೇ ಅರ್ಜಿ, ಕೌಂಟರ್ ಮುಂದೆ, ಜೋರು ದನಿಯಲ್ಲಿ.

ಇಂಟರ್ನೆಟ್ ಸೇರುವ ಪ್ರತಿ ಮನೆಗೂ ಒಂದು ಗುರುತಿನ ನಂಬರ್ ಬೇಕಾಗಿದ್ದು, ಅದನ್ನೇ ಇಂಟರ್ನೆಟ್ ವಿಳಾಸ ಎನ್ನಲಾಗುತ್ತದೆ. ಸದರಿ ಅಡ್ಡರಸ್ತೆಯ ೧೧೨ ಮನೆಗಳಿಗೂ ಸೇರಿ ಇರುವುದು ಒಂದು. ಅರ್ಜಿದಾರರ ತಂಗಿ ಕು. ತೇಜಸ್ವಿನಿ ನರ್ಸಿಂಗ್ ಸೀಟಿಗೆ ಅರ್ಜಿ ಹಾಕಲು ಹೋದಾಗ ‘ಈ ವಿಳಾಸದಿಂದ ಈಗಾಗಲೇ ಒಂದು ಅರ್ಜಿ ಬಂದಿದೆ’ ಎಂದು ಪರದೆಯಲ್ಲಿ ಕಂಡಿರುತ್ತದೆ. ಅದು ೧೪ನೇ ಮನೆಯ ಪ್ರಮೋದ್ ಅವರ ಅರ್ಜಿ. ಸೀಟಿನ ಅರ್ಜಿಗೆ ಕಡೇ ದಿನ ೧೩ನೇ ತಾರೀಕು, ಶುಕ್ರವಾರ, ಸಂಜೆ ಐದು. ಹೀಗಾಗಿ ತಮ್ಮ ಮನೆಗೆ ಸ್ವಂತ ವಿಳಾಸ ಕೋರಲಾಗಿದೆ. “ನಾನು ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು ಸಾರ್. ಅವ್ಳು ಬಿಡಬಾರ್ದು” ಎಂಬುದು ಅರ್ಜಿಯ ಕೊನೆಯ ಸಾಲು. ಈ ಸಾಲಿಗೆ ನಮೂನೆಯಲ್ಲಿ ಕಾಲಂ ಇರುವುದಿಲ್ಲ.

ಕೂಲಂಕಷ ಪರಿಶೀಲನೆಯ ನಂತರ ತಿಳಿಯಪಡಿಸುವುದೇನೆಂದರೆ:

೧. ಜಯನಗರದ ನಿವೃತ್ತರಾದ ಶ್ರೀ ಅನಂತಪದ್ಮನಾಭ ಅವರ ಬಳಿ ೨೫೬ ವಿಳಾಸಗಳಿವೆ. ೧೯೯೮ರಲ್ಲಿ ಒಂದು ಕಾರ್ಡು ಬರೆದುಹಾಕಿ ಪಡೆದದ್ದು. ಒಂದು ಕಂಪ್ಯೂಟರಿಗೆ, ಒಂದು ಮೀನಿನ ತೊಟ್ಟಿಗೆ. ಉಳಿದ ೨೫೪ ವಿಶ್ರಾಂತಿಯಲ್ಲಿವೆ. ಒಂದನ್ನು ಹಿಂದಿರುಗಿಸಲು ಕೋರಲಾಗಿ, “ಕೊಡೋಕೆ ನಂಗೇನೂ ಬೇಜಾರಿಲ್ಲಪ್ಪ. ಆದ್ರೆ ಸೆಟ್ ಒಡೆದುಹೋಗತ್ತಲ್ಲ?” ಎಂದಿರುತ್ತಾರೆ. ಇಲಾಖೆ ಇದನ್ನು ಒಪ್ಪಿದೆ.

೨. ಈ ಬಗ್ಗೆ ಅರ್ಜಿದಾರರು ಕೌಂಟರಿನ ಗಾಜು ತಟ್ಟಿ, “ಆ ಅಂಕಲ್ ಮನೆ ಮೀನಿಗೊಂದು ನಂಬರ್ ಇದೆ. ನನ್ ತಂಗಿ ಮೀನಿಗಿಂತ ಕಡೇನಾ ಸಾರ್?” ಎಂದು ಕೇಳಿರುತ್ತಾರೆ. ಜ್ಯೇಷ್ಠತಾ ಪಟ್ಟಿಯ ಪ್ರಕಾರ, ಹೌದು. ಮೀನುಗಳು ಹನ್ನೊಂದು ಸಲ ಬದಲಾಗಿದ್ದರೂ ತೊಟ್ಟಿ ಅದೇ ಆಗಿದೆ.

೩. ಹೊಸ ಮಾದರಿಯ ವಿಳಾಸಗಳು ಪುಟ್ಟೇನಹಳ್ಳಿ ಕೆರೆಯ ಒಂದೊಂದು ಸೊಳ್ಳೆಗೂ ಕೊಟ್ಟು ಮಿಗುವಷ್ಟು ದಾಸ್ತಾನಿನಲ್ಲಿವೆ. ಎಲ್ಲರಿಗೂ ಸಿಕ್ಕಿಬಿಟ್ಟರೆ ನ್ಯಾಯವಾಗಿ ಹಂಚಲು ಈ ಇಲಾಖೆ ಯಾಕೆ ಎಂಬ ಪ್ರಶ್ನೆ ಏಳುವುದರಿಂದ, ಅವುಗಳಿಗೆ ಬೀಗ ಹಾಕಲಾಗಿದೆ.

೪. ಇನ್ನು ಮುಂದೆ ಅಡ್ಡರಸ್ತೆಯ ವಿಳಾಸವನ್ನು ಮನೆಗೆ ಹನ್ನೆರಡು ನಿಮಿಷದಂತೆ ಬಿಡಲಾಗುವುದು. ನೀರು ಬಿಡುವ ವಾಲ್ವ್‌ಮ್ಯಾನ್‌ಗೇ ಹೆಚ್ಚುವರಿ ಪ್ರಭಾರ. ಸೀಟಿ ಊದಿದ ಕೂಡಲೇ ಮುಂದಿನ ಮನೆಗೆ ಬಿಟ್ಟುಕೊಡತಕ್ಕದ್ದು. ಬಿಂದಿಗೆಯಲ್ಲಿ ತುಂಬಿಟ್ಟುಕೊಳ್ಳುವಂತಿಲ್ಲ.

೫. ಜೆ.ಪಿ. ನಗರಕ್ಕೆ ಹೋಗಿ ಅಲ್ಲಿನವರ ವಿಳಾಸದಿಂದ ಅರ್ಜಿ ಹಾಕುವುದು ಒತ್ತುವರಿ. ಸ್ನೇಹಿತನ ಮನೆ ಎಂಬ ಸಬೂಬು ನಡೆಯುವುದಿಲ್ಲ.

೬. ಸ್ವಂತ ವಿಳಾಸ ಬೇಕಾದವರು ಇಂಟರ್ನೆಟ್ ಮೂಲಕವೇ, ತಮ್ಮ ಸ್ವಂತ ವಿಳಾಸದಿಂದಲೇ ಅರ್ಜಿ ಸಲ್ಲಿಸತಕ್ಕದ್ದು. ಯುವರಾಜ್ ಅವರು ಇದಕ್ಕೆ ಕೌಂಟರಿನಲ್ಲಿ ನೀಡಿದ ಉತ್ತರವನ್ನು ಕಡತದಲ್ಲಿ ಸೇರಿಸಲು ಗುಮಾಸ್ತೆ ಶ್ರೀಮತಿ ಲತಾಮಣಿ ಅವರು ನಾಚಿಕೆಯಿಂದ ನಿರಾಕರಿಸಿರುತ್ತಾರೆ.

೭. ಕು. ತೇಜಸ್ವಿನಿಗೆ ಶೇ. ೯೪ ಅಂಕ ಬಂದಿರುವುದನ್ನು ಇಲಾಖೆ ಮೆಚ್ಚುತ್ತದೆ. ಸದರಿ ಅಂಕಗಳು ಅಡ್ಡರಸ್ತೆಯ ಸಾಮೂಹಿಕ ಆಸ್ತಿಯಾದ ಕಾರಣ ಅವನ್ನು ಶೇ. ೪೧ ಪಡೆದ ಪ್ರಮೋದ್ ಅವರ ಅರ್ಜಿಗೆ ಲಗತ್ತಿಸಲು ಈ ಮೂಲಕ ಅನುಮತಿಸಲಾಗಿದೆ.

ಈ ಸುತ್ತೋಲೆಗೆ ಆಕ್ಷೇಪಣೆಗಳಿದ್ದಲ್ಲಿ ನಿನ್ನೆ ಸಂಜೆ ಐದರೊಳಗೆ ಸಲ್ಲಿಸತಕ್ಕದ್ದು.

(ಸಹಿ ಇದೆ)
ಪ್ರಭಾರ ಉಪನಿರ್ದೇಶಕರ ಪರವಾಗಿ
(ಪ್ರಭಾರದಲ್ಲಿರುವವರು ರಜೆಯಲ್ಲಿದ್ದಾರೆ)

ಪ್ರತಿಗಳು:
೧. ಶ್ರೀ ಅನಂತಪದ್ಮನಾಭ, ಜಯನಗರ: ೨೫೬ ಪ್ರತಿಗಳು, ವಿಳಾಸಕ್ಕೊಂದರಂತೆ.
೨. ಮೀನಿನ ತೊಟ್ಟಿ: ಮೇಲಿನದರಲ್ಲಿ ಸೇರಿದೆ.
೩. ವಾಲ್ವ್‌ಮ್ಯಾನ್: ಸೀಟಿ ಸಹಿತ.
೪. ಶ್ರೀ ಪ್ರಮೋದ್, ೧೪ನೇ ಮನೆ, ಮೂರನೇ ಅಡ್ಡರಸ್ತೆ: ಅಭಿನಂದನೆಗಳೊಂದಿಗೆ.
೫. ಕು. ತೇಜಸ್ವಿನಿ, ೧೧೨ನೇ ಮನೆ, ಮೂರನೇ ಅಡ್ಡರಸ್ತೆ: ಈ ವಿಳಾಸಕ್ಕೆ ಈಗಾಗಲೇ ಒಂದು ಪ್ರತಿ ಹೋಗಿರುವುದರಿಂದ ಕಳುಹಿಸಿಲ್ಲ.