ನಮ್ಮೂರ ಚೌಕಕ್ಕೆ ಬಂದಿಳಿದ ಎರಡು ಸಾವಿರದ ಐವತ್ತನೇ ಇಸವಿ

ಯುರೋಪಿನ ದೀರ್ಘಾವಧಿ ಇಂಧನ ಪರಿವರ್ತನಾ ಯೋಜನೆಯ ಘನತೆವೆತ್ತ ನಿರ್ದೇಶಕರ ಸನ್ನಿಧಿಗೆ,

ಮಾನ್ಯರೇ,

ನೆಯಾ ಕ್ರಾನೂಲಾ ಗ್ರಾಮದ ಚೌಕದಲ್ಲಿ ಕಾಫಿ ಅಂಗಡಿ ನಡೆಸುವ ಪೊಲಿಕ್ಸೇನಿ ಎಂಬ ನಾನು, ಊರಿನ ಸಮಸ್ತರ ಪರವಾಗಿ ತಮಗೂ, ತಮ್ಮ ಕುಟುಂಬಕ್ಕೂ, ತಮ್ಮ ಕಚೇರಿಯ ಗೋಡೆಯನ್ನು ಅಲಂಕರಿಸಿರುವ ಆ ಹಚ್ಚಹಸಿರು ನಕ್ಷೆಗೂ ಅನಂತ ವಂದನೆಗಳನ್ನು ಸಲ್ಲಿಸಿ, ಬಹಳ ಸಂಕೋಚದಿಂದ ಒಂದು ದೂರನ್ನು ನಿವೇದಿಸಿಕೊಳ್ಳುತ್ತಿದ್ದೇನೆ. ತಾವು ನಮಗೆ ಕಳುಹಿಸಿಕೊಟ್ಟ ಎರಡು ಸಾವಿರದ ಐವತ್ತನೇ ಇಸವಿ ತುಂಬ ಚೆನ್ನಾಗಿದೆ. ಆದರೆ ಅದರಲ್ಲಿ ಜಾಗ ಸಾಲುತ್ತಿಲ್ಲ.

ತಮಗೆ ತಿಳಿದೇ ಇರುವಂತೆ, ಹೋದ ಶರತ್ಕಾಲದಲ್ಲಿ ತಾವು ನಮ್ಮ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವನ್ನು ಮುಚ್ಚಿಸಿದಿರಿ. ಅದಕ್ಕಾಗಿ ನಾವು ಅಳಲಿಲ್ಲ. ಹಗ್ಗದ ಮೇಲೆ ಒಣಹಾಕಿದ ಬಿಳಿ ಅಂಗಿ ಸಂಜೆಗೂ ಬಿಳಿಯಾಗಿಯೇ ಉಳಿದದ್ದನ್ನು ಕಂಡು ಹೆಂಗಸರೆಲ್ಲ ಒಬ್ಬರಿಗೊಬ್ಬರು ತೋರಿಸಿಕೊಂಡು ನಕ್ಕೆವು. ಆದರೆ ಆ ಸ್ಥಾವರದ ಬಿಸಿನೀರೇ ಕೊಳವೆಗಳಲ್ಲಿ ಹರಿದುಬಂದು ನಮ್ಮ ಮನೆಗಳನ್ನು ಬೆಚ್ಚಗಿಡುತ್ತಿತ್ತು. ಅದಕ್ಕೆ ಬದಲಿ ವ್ಯವಸ್ಥೆ ತಮ್ಮ ಯೋಜನೆಯ ಎರಡನೆಯ ಹಂತದಲ್ಲಿದೆಯೆಂದು ಓದಿ ಸಂತೋಷಪಟ್ಟೆವು. ಅವಿದ್ಯಾವಂತವಾದ ನಮ್ಮ ಚಳಿಗಾಲ ಮಾತ್ರ ಯೋಜನೆಯನ್ನು ಓದದೆ ಮೊದಲನೆಯ ಹಂತದಲ್ಲೇ ಬಂದುಬಿಟ್ಟಿತು.

ಇದೇ ಹೊತ್ತಿಗೆ ತಾವು ಕೃಪೆಯಿಟ್ಟು ನಮ್ಮ ಚೌಕಕ್ಕೆ ತಮ್ಮ ಯೋಜನೆ ಮುಗಿಯುವ ಇಸವಿಯ ಹೆಸರು ಹೊತ್ತ ‘ಎರಡು ಸಾವಿರದ ಐವತ್ತರ ಮನೆ’ ಎಂಬ ಪ್ರದರ್ಶನದ ಮನೆಯನ್ನು ಕಳುಹಿಸಿದಿರಿ. ಹಿಂದಿನ ಓಣಿಯಲ್ಲಿ ಲಾರಿ ನಿಲ್ಲಿಸಿ, ಕ್ರೇನಿನಿಂದ ಅದನ್ನು ನನ್ನ ಅಂಗಡಿಯ ಚಾವಣಿ ದಾಟಿಸಿ ಇಳಿಸಿದಾಗ ಊರೇ ಬಾಯಿಬಿಟ್ಟುಕೊಂಡು ನೋಡಿತು. ಮೇಲೆ ಸೌರಫಲಕಗಳು, ಪಕ್ಕದಲ್ಲಿ ಹೊರಗಿನ ಗಾಳಿಯಿಂದಲೇ ಶಾಖ ಹೀರಿ ಒಳಗೆ ತಳ್ಳುವ ಯಂತ್ರ, ಒಳಗೆ ಆದರ್ಶ ಕುಟುಂಬದ ನಾಲ್ವರಿಗೆ ಸೋಫಾ. ನೋಡಿ ಆನಂದಿಸಿ ಹೊರಗೆ ಬರಬೇಕೆಂದು ಫಲಕದಲ್ಲಿ ಬರೆದಿತ್ತು. ನಾವು ನೋಡಿದೆವು, ಆನಂದಿಸಿದೆವು. ಹೊರಗೆ ಬರುವುದೊಂದು ಕೈಗೂಡಲಿಲ್ಲ.

ಮೊದಲು ಒಳಹೊಕ್ಕವರು ನನ್ನ ಅತ್ತೆ ಪಾರ್ಥೆನಾ. ಹಿಮ ಬಿದ್ದ ಬೆಳಿಗ್ಗೆ ಕಂಬಳಿ, ದಿಂಬು, ಬೀನ್ಸ್ ಸೂಪಿನ ಪಾತ್ರೆ ಹಿಡಿದುಕೊಂಡು ಹೊರಟವರನ್ನು “ಎಲ್ಲಿಗೆ ಅತ್ತೆ?” ಎಂದು ಕೇಳಿದರೆ, “ಐವತ್ತನೇ ಇಸವಿಗೆ ಕಣೇ. ಆಗ ಇರ್ತೀನೋ ಇಲ್ವೋ, ಈಗ್ಲೇ ಹೋಗಿ ಬರ್ತೀನಿ” ಎಂದರು. ಮಧ್ಯಾಹ್ನದೊಳಗೆ ಪಾದ್ರಿ ಯೋರ್ದಾನಿಸ್ ಬಂದರು, ಆಮೇಲೆ ಎಳೆಗೂಸುಗಳ ತಾಯಂದಿರು, ಆಮೇಲೆ ಇಡೀ ಊರು. ಇಲ್ಲಿ ಆ ಮನೆಯ ಸೌಜನ್ಯವನ್ನು ಹೊಗಳಲೇಬೇಕು. ಅದಕ್ಕೆ ಮಾತು ಬರುತ್ತದೆ. “ಮನೆಯಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಇದ್ದಾರೆ, ದಯವಿಟ್ಟು ಕಿಟಕಿ ತೆರೆಯಿರಿ” ಎಂದು ಅದು ಮಧುರವಾಗಿ ವಿನಂತಿಸಿಕೊಂಡಾಗಲೆಲ್ಲ ನಮ್ಮತ್ತೆ, “ಕಿಟಕಿ ತೆಗೀಬೇಕಂತೆ! ಚಳಿ ಅಂದ್ರೇನು ಅಂತ ನಿಮ್ಮಮ್ಮ ನಿನಗೆ ಹೇಳಿಕೊಟ್ಟಿಲ್ವೇನೇ?” ಎಂದು ಗದರುತ್ತಿದ್ದರು. ವಾರ ಕಳೆಯುವುದರೊಳಗೆ ಮನೆ ತಣ್ಣಗೆ ಬಾಯಿ ಮುಚ್ಚಿಕೊಂಡಿತು.

ಬಾರದೆ ಉಳಿದವರು ಒಬ್ಬರೇ, ಅತ್ತೆಯ ತಮ್ಮ ಲಾಜರೋಸ್ ಮಾವ. ಗಣಿಯಲ್ಲಿ ಅಗೆಯುವ ದೊಡ್ಡ ಯಂತ್ರ ಓಡಿಸಿದವರು. ನಮ್ಮ ಹಳೆಯ ಊರಿನ ಕೆಳಗೆ ಕಲ್ಲಿದ್ದಲಿದೆಯೆಂದು ಗೊತ್ತಾಗಿ ಊರನ್ನೇ ಕಿತ್ತು ಇಲ್ಲಿಗೆ ತಂದು ನೆಟ್ಟಾಗ, ಖಾಲಿಯಾದ ಬೀದಿಗಳನ್ನು ಅಗೆಯುವ ಕೆಲಸ ಅವರ ಪಾಳಿಗೇ ಬಂತು. ಅವರಪ್ಪನ ಅಂಗಳಕ್ಕೆ ಯಂತ್ರ ಬಾಯಿ ಹಾಕಿದ ದಿನದಿಂದ ನಮ್ಮತ್ತೆ ಈ ತಮ್ಮನೊಡನೆ ಮಾತು ಬಿಟ್ಟಿದ್ದರು. ಒಂದೇ ಚೌಕದಲ್ಲಿ ಎದುರುಬದುರು ಮನೆ. ಹಬ್ಬದ ರೊಟ್ಟಿ ಕೂಡ ನನ್ನ ಕೈಯಲ್ಲೇ ಹೋಗಬೇಕು. “ಅಗೆದವನು ನಾನು. ಸೂರ್ಯನ ಮನೇಲಿ ಕೂತು ಬೆಚ್ಚಗಾಗೋಕೆ ನನಗೆ ಯಾವ ಮುಖ?” ಎಂದು ಅವರು ಮುರುಕು ಕುರ್ಚಿಗಳನ್ನು ಒಲೆಗೆ ಹಾಕುತ್ತ ಕೂತಿದ್ದರು. ಕುರ್ಚಿಗಳು ಮುಗಿದ ಮೇಲೆ ಗಣಿಯ ಹೆಲ್ಮೆಟ್ ತೊಟ್ಟು ಬಂದು, “ಪಗಡೆ ಆಡೋಕೆ ಬಂದೆ ಅಷ್ಟೇ” ಎಂದು ಪಾದ್ರಿಯ ಎದುರು ಕೂತರು. ಅತ್ತೆ ಗೋಡೆ ಕಡೆ ತಿರುಗಿಕೊಂಡರು.

ಮನೆಗೆ ಬೀಗ ಹಾಕಲೆಂದು ತಾವು ಕಳುಹಿಸಿದ ಶ್ರೀ ಸ್ತೆರ್ಯೋಸ್ ಅವರ ಬಗ್ಗೆ ನಮ್ಮಲ್ಲಿ ಒಳ್ಳೆಯ ಮಾತನ್ನು ಬಿಟ್ಟರೆ ಬೇರೇನೂ ಇಲ್ಲ. “ಇದು ಬರೀ ನೋಡೋಕೆ ಇರೋ ಮನೆ ಕಣಮ್ಮ, ಇರೋಕಲ್ಲ” ಎಂದು ಆ ಯುವಕ ವಿವರಿಸಿದ. “ಹಂಗಾದ್ರೆ ಸೂಪನ್ನೂ ನೀನು ಬರೀ ನೋಡು” ಎಂದರು ಅತ್ತೆ. ವಾಪಸು ಹೊರಡುವಾಗ ಅವನ ವಿದ್ಯುತ್ ಕಾರು ಚಳಿಗೆ ಮರಗಟ್ಟಿ ಮಲಗಿತು. ಅದಕ್ಕೆ ಚಾರ್ಜು ತುಂಬುವ ಜಾಗ ಊರಿಗೆಲ್ಲ ಈ ಮನೆಯದೊಂದೇ, ಅಲ್ಲಿ ನನ್ನ ಕಾಫಿ ಹುರಿಯುವ ಯಂತ್ರ ನಡೆಯುತ್ತಿತ್ತು. ಹಿಮ ನಿಲ್ಲುವವರೆಗೂ ಅವನು ನಮ್ಮಲ್ಲೇ ಉಳಿದ, ಪಾದ್ರಿಗಳ ಗೊರಕೆಗೆ ಹೊಂದಿಕೊಂಡ, ಹೋಗುವಾಗ ‘ಪ್ರದರ್ಶನಕ್ಕೆ ಊರಿನ ಸಂಪೂರ್ಣ ಸ್ಪಂದನೆ’ ಎಂದು ವರದಿ ಬರೆದ. ತಾವು ಅದನ್ನು ಓದಿ ಹರ್ಷಚಿತ್ತರಾಗಿ, ಇಷ್ಟು ಜನಪ್ರಿಯವಾದ ಮನೆಯನ್ನು ಕೂಡಲೇ ಪಕ್ಕದ ಊರಿಗೆ ಸಾಗಿಸಬೇಕೆಂದು ಆಜ್ಞಾಪಿಸಿದಿರಿ.

ಕ್ರೇನು ಬಂದ ದಿನ ನಾವೆಲ್ಲ ವಿಧೇಯರಾಗಿ ಗಂಟುಮೂಟೆ ಹೊತ್ತು ಹೊರಬಂದೆವು. ಸರಪಳಿ ಬಿಗಿಯಿತು, ಮನೆ ನೆಲ ಬಿಟ್ಟಿತು, ನನ್ನ ಚಾವಣಿಯ ಮಟ್ಟಕ್ಕೆ ಏರಿತು. ಆಗ ಅದರ ಕಿಟಕಿ ತೆರೆದುಕೊಂಡಿತು. ಅದರಿಂದ ನಮ್ಮತ್ತೆಯ ತಲೆ ಹೊರಬಂತು. ಬಚ್ಚಲುಮನೆಯಲ್ಲಿ ಅಡಗಿದ್ದರಂತೆ. ಮನೆ ಸಾಗಿಸಲೆಂದು ಮತ್ತೆ ಬಂದಿದ್ದ ಶ್ರೀ ಸ್ತೆರ್ಯೋಸ್ ಕೈಯಲ್ಲಿದ್ದ ಫೋನಿನಲ್ಲಿ ತಾವೇ ಇದ್ದಿರಿ. “ಸರ್, ಮನೆ ಗಾಳೀಲಿದೆ, ಅಜ್ಜಿ ಮನೇಲಿದಾರೆ” ಎಂದು ಅವನು ಅಳುವ ದನಿಯಲ್ಲಿ ಹೇಳಿದ್ದು ತಮಗೆ ನೆನಪಿರಬಹುದು. ಕೆಳಗೆ ನಾವು ಶಿಲುಬೆಯ ಗುರುತು ಹಾಕಿಕೊಂಡೆವು, ಕಿರುಚಿದೆವು, ತಡೆಯಲಾಗದೆ ನಕ್ಕೆವು. ಅತ್ತೆ ಮೇಲಿನಿಂದ ಒಬ್ಬೊಬ್ಬರನ್ನೇ ಹೆಸರು ಹಿಡಿದು ಬೈಯುತ್ತಿದ್ದರು.

ಇದ್ದಕ್ಕಿದ್ದಂತೆ ಬೈಗುಳ ನಿಂತಿತು.

ಗಣಿಯ ಮಣ್ಣು ಸುರಿದು ಸುರಿದು ಬೆಳೆದ ದಿಬ್ಬವೊಂದು ನಮ್ಮೂರಿಗೂ ಹಳೆಯ ಊರಿಗೂ ನಡುವೆ ಇದೆ. ಆ ಊರು ಬಿಟ್ಟು ಬಂದ ಮೇಲೆ ಅದರಾಚೆಗೆ ಅತ್ತೆ ಒಮ್ಮೆಯೂ ಕಾಲಿಟ್ಟವರಲ್ಲ. ಈಗ ಅದು ಅವರ ಕಣ್ಣಿಗಿಂತ ಕೆಳಗಿತ್ತು. “ಇನ್ನೊಂಚೂರು ಮೇಲಕ್ಕೆತ್ತಪ್ಪ” ಎಂದು ಕ್ರೇನಿನವನಿಗೆ ಹೇಳಿದರು. ಅವನು ಎತ್ತಿದ. ಬಹಳ ಹೊತ್ತು ನೋಡಿದರು. ಆಮೇಲೆ, ನಾನು ಮದುವೆಯಾಗಿ ಬಂದಾಗಿನಿಂದ ಅವರ ಬಾಯಲ್ಲಿ ಕೇಳದ ಹೆಸರನ್ನು ಕೂಗಿದರು.

“ಲೋ ಲಾಜರೋ! ಗಣಿ ಹೊಂಡದ ತುಂಬ ನೀರು ಕಣೋ! ಅಪ್ಪನ ಅಂಗಳದಲ್ಲಿ ಬಾತುಕೋಳಿ ಈಜ್ತಾವೆ! ಬಾರೋ, ನೋಡು ಬಾ!”

ಮಾವ ಹೆಲ್ಮೆಟ್ ತೆಗೆದರು. “ನಾನ್ ಬರ‍್ಲಾ ಅಕ್ಕ?” ಎಂದು ಕೇಳಿದ ದನಿ ಪಕ್ಕದಲ್ಲಿದ್ದ ನಮಗೇ ಸರಿಯಾಗಿ ಕೇಳಿಸಲಿಲ್ಲ, ಮೇಲಿದ್ದವರಿಗೆ ಕೇಳಿಸಿತು. “ಮತ್ತೇನು ಬಾತುಕೋಳಿನೇ ಕರ‍್ಕೊಂಡು ಬರಬೇಕಾ? ಬಾ ಅಂದೆನಲ್ಲ!” ಮನೆ ಇಳಿಯಿತು, ಮಾವನನ್ನು ಹತ್ತಿಸಿಕೊಂಡು ಮತ್ತೆ ಏರಿತು. ಒಂದೇ ಕಿಟಕಿಯಲ್ಲಿ ಎರಡು ಬಿಳಿತಲೆಗಳು ಒತ್ತಿಕೊಂಡು ಅದೋ ಅಕ್ರೋಟು ಮರ ಇದ್ದದ್ದು, ಅಲ್ಲಲ್ಲ ಅದು ಬಾವಿ ಎಂದು ಜಗಳವಾಡುವುದನ್ನು ನಾವು ಕತ್ತೆತ್ತಿ ನೋಡುತ್ತಿದ್ದೆವು. ಆಮೇಲೆ ಊರಿನವರೆಲ್ಲ ಸಾಲುಗಟ್ಟಿದೆವು. ನಾನೂ ಹತ್ತಿದೆ. ಕ್ರೇನಿನವನಿಗೆ ನಾವು ಕೊಟ್ಟದ್ದು ದ್ರಾಕ್ಷಿಯ ಸಾರಾಯಿ ತ್ಸಿಪುರೋ ಅಲ್ಲ, ಬರೀ ಕಾಫಿ ಎಂದು ಪ್ರಮಾಣಮಾಡಿ ಹೇಳುತ್ತೇನೆ. ಸಂಜೆಯಾದದ್ದರಿಂದ ಅವನು ಮನೆಯನ್ನು ಚೌಕದಲ್ಲೇ, ಕೊಂಚ ತಿರುಚಿ ಇಳಿಸಿ ಹೊರಟುಹೋದ. ಈಗ ಅದರ ಬಾಗಿಲು ನನ್ನ ಅಡುಗೆಮನೆಗೆ ತೆರೆದುಕೊಳ್ಳುತ್ತದೆ. ‘ತಾಂತ್ರಿಕ ಕಾರಣಗಳಿಂದ ಸ್ಥಳಾಂತರ ಮುಂದೂಡಲಾಗಿದೆ’ ಎಂಬ ತಮ್ಮ ಆದೇಶವನ್ನು ಅದಕ್ಕೆ ಅಂಟಿಸಿದ್ದೇವೆ. ಒಳಗೆ ಅಕ್ಕ ತಮ್ಮ ದಿನವೂ ಪಗಡೆಯಾಡುತ್ತಾರೆ. ಅಕ್ಕ ಮೋಸ ಮಾಡುತ್ತಾರೆ, ತಮ್ಮ ನೋಡಿಯೂ ಸುಮ್ಮನಿರುತ್ತಾರೆ.

ಆದಕಾರಣ ತಮ್ಮಲ್ಲಿ ನಮ್ಮ ಸವಿನಯ ಕೋರಿಕೆ ಇಷ್ಟೇ: ಎರಡು ಸಾವಿರದ ಐವತ್ತನ್ನು ಒಟ್ಟಾಗಿ ಕೊಡುವುದು ಕಷ್ಟವಾದರೆ ಬಿಡಿಬಿಡಿಯಾಗಿ, ಈ ವರ್ಷ ಶಾಖದ ಯಂತ್ರಗಳನ್ನೂ ಮುಂದಿನ ವರ್ಷ ಫಲಕಗಳನ್ನೂ ಮನೆಮನೆಗೆ ಕಳುಹಿಸುವುದು, ಅದೂ ಆಗದಿದ್ದಲ್ಲಿ, ಬರುವ ಡಿಸೆಂಬರನ್ನು ಯೋಜನೆಯ ಕೊನೆಯ ಹಂತಕ್ಕೆ ಮುಂದೂಡಿ ಚಳಿಗಾಲಕ್ಕೊಂದು ನೋಟಿಸು ಜಾರಿಮಾಡುವುದು.

ಇಂತು, ಭವಿಷ್ಯದಲ್ಲಿ ಸುಖವಾಗಿ ಬೆಚ್ಚಗಿರುವ
ತಮ್ಮ ವಿಶ್ವಾಸಿ,
ಪೊಲಿಕ್ಸೇನಿ

ಮರೆತ ಮಾತು: ಪಕ್ಕದ ಊರಿನವರು ಮನೆ ಯಾವಾಗ ಬರುತ್ತದೆಂದು ವಿಚಾರಿಸುತ್ತಿದ್ದಾರೆ. ಅವರಿಗೆ ಹೊಸದೊಂದನ್ನೇ ಮಾಡಿಸಿಕೊಡುವುದು ಒಳಿತು, ನಮ್ಮದನ್ನು ನಾವು ಬಿಡುವುದಿಲ್ಲ. ಹಾಗೆ ಮಾಡಿಸುವಾಗ ಕಿಟಕಿಯನ್ನು ಉತ್ತರಕ್ಕೆ ಇಡಿಸಿ, ಒಳಗೆ ಚಳಿ ನುಗ್ಗುತ್ತದೆಂದು ತಮ್ಮ ತಜ್ಞರು ಎಷ್ಟೇ ಆಕ್ಷೇಪಿಸಲಿ. ಗಣಿ ನುಂಗಿದ ಅವರ ಹಳೆಯ ಊರು ಆ ಕಡೆಗಿತ್ತು.